ಮೊದಲು ಬಾಯಿ ನೋಡುತ್ತಿದ್ದ ಡಾಕ್ಟ್ರು

ತೀರಿಕೊಂಡವರ ಬಗ್ಗೆ ಬರೆಯುವಾಗ ಒಳ್ಳೆಯದನ್ನೇ ಹೇಳಬೇಕೆಂಬ ಕಟ್ಟುಪಾಡನ್ನು ನಾನು ಒಪ್ಪುವುದಿಲ್ಲ. ನಾನು ಹೇಳಹೊರಟಿರುವ ಡಾಕ್ಟ್ರೂ ಒಪ್ಪುತ್ತಿರಲಿಲ್ಲ. ಹಾಗಾಗಿ ದೂರುಗಳಿಂದಲೇ ಶುರು ಮಾಡುತ್ತೇನೆ.

ಹೇಳಿದ ಹೊತ್ತಿಗೆ ಅವರು ಎಲ್ಲಿಗೂ ಬಂದವರಲ್ಲ. ದನದ ಬಾಯೊಳಗೆ ಹಾಕಿದ ಕೈಯನ್ನು ಅರೆಬರೆ ತೊಳೆದು ಅದೇ ಕೈಯಲ್ಲಿ ಬೋಂಡಾ ತಿನ್ನುತ್ತಿದ್ದರು. ಎದುರಿಗಿದ್ದವರು ಮಾತು ಮುಗಿಸುವ ಮೊದಲೇ "ಹ್ಞೂ, ಹ್ಞೂ, ಮುಂದಕ್ಕೆ" ಎಂದು ಅವಸರ ಮಾಡುತ್ತಿದ್ದರು. ತಮ್ಮ ಮಾತು ಮಾತ್ರ ಗುಂಡ್ಲುಪೇಟೆಯಲ್ಲಿ ಹೊರಟರೆ ಪುಣಜನೂರು ದಾಟಿದರೂ ನಿಲ್ಲುತ್ತಿರಲಿಲ್ಲ. ಎಲ್ಲಕ್ಕಿಂತ ಕಷ್ಟವಾಗುತ್ತಿದ್ದದ್ದು ಇನ್ನೊಂದು. ಮಾತಿನ ನಡುವೆ ತಮ್ಮ ಹಲ್ಲಿನ ಸೆಟ್ಟನ್ನು ಹೊರಗೆ ತೆಗೆದು, ಹೆಗಲ ಮೇಲಿನ ಟವೆಲ್ಲಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಊರಿನ ದನ, ನಾಯಿ, ಕುರಿಗಳ ಹಲ್ಲಿನ ಬಗ್ಗೆ ಅಷ್ಟು ಮಾತಾಡುತ್ತಿದ್ದ ಮನುಷ್ಯನ ಬಾಯಲ್ಲಿ ಸ್ವಂತದ್ದು ಅಂತ ಒಂದು ಹಲ್ಲೂ ಇರಲಿಲ್ಲ. ಯಾರಾದರೂ ಕಿಚಾಯಿಸಿದರೆ "ಎಲ್ಲಾ ಅಂಗಡೀದು ಕಣ್ಲಾ. ಅದಕ್ಕೇ ಹೇಳದು, ಇರೋರು ನೋಡ್ಕೊಳ್ಳಿ" ಎನ್ನುತ್ತಿದ್ದರು.

ಜನ ಅವರನ್ನು ಹಲ್ಲು ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಅವರು ಹಲ್ಲಿನ ಡಾಕ್ಟರಲ್ಲ, ದನದ ಡಾಕ್ಟರು. ಗುಂಡ್ಲುಪೇಟೆಯ ಪಶು ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಬಸ್‌ಸ್ಟ್ಯಾಂಡಿನ ಹಿಂದೆ, ಹಿಂಡಿ-ಬೂಸಾ ಅಂಗಡಿಯ ಪಕ್ಕದ ಒಂದು ಕೋಣೆಯಲ್ಲಿ ಕೂರುತ್ತಿದ್ದರು. ಎಮ್ಮೆಗೆ ಬಾಲದಲ್ಲಿ ಗಾಯವಾಗಿದೆ ಎಂದು ಕರೆದುಕೊಂಡು ಹೋದರೂ ಮೊದಲು ಅದರ ಬಾಯಿ ತೆಗೆಸುತ್ತಿದ್ದರು. "ಗಾಯ ಹಿಂದ್ಗಡೆ ಅದೆ ಡಾಕ್ಟ್ರೇ" ಎಂದು ಎಮ್ಮೆಯವನು ನೆನಪಿಸಿದರೆ, "ಹಿಂದ್ಲದು ಎಲ್ಲಿಗೂ ಓಡೋಗಲ್ಲ, ಇರು" ಎನ್ನುತ್ತಿದ್ದರು.

ನಮ್ಮ ಪರಿಚಯ ಆದದ್ದು ಜಗಳದಿಂದ. ಚಾಮರಾಜನಗರದಲ್ಲಿ ನಾನು ಬಿ.ಎಸ್ಸಿ. ಓದುತ್ತಿದ್ದಾಗ ಒಂದು ಚರ್ಚಾಸ್ಪರ್ಧೆಗೆ ಅವರು ತೀರ್ಪುಗಾರರಾಗಿ ಬಂದಿದ್ದರು. ಬರಬೇಕಾದವರು ಕೈಕೊಟ್ಟಿದ್ದರಿಂದ ಯಾರೋ ಇವರನ್ನು ಹಿಡಿದು ತಂದು ಕೂರಿಸಿದ್ದರು. ನಾನು ಎದುರಾಳಿಗೆ ನೀರು ಕುಡಿಸಿದ್ದೆ. ಸಭೆಯೇ ಚಪ್ಪಾಳೆ ತಟ್ಟಿತ್ತು. ಆದರೂ ಇವರು ನನಗೆ ಎರಡನೇ ಬಹುಮಾನ ಕೊಟ್ಟರು. ನಾನು ಸುಮ್ಮನಿರುವ ಜಾತಿಯವಳಲ್ಲ. ಮೆಟ್ಟಿಲಿಳಿಯುತ್ತಿದ್ದವರನ್ನು ಅಡ್ಡಗಟ್ಟಿ, ನನ್ನ ಯಾವ ವಾದ ತಪ್ಪಾಗಿತ್ತು ಹೇಳಿ ಎಂದೆ.

"ಯಾವ್ದೂ ತಪ್ಪಿಲ್ಲ ಕಣಮ್ಮಿ," ಎಂದರು. "ಆ ಹುಡ್ಗ ಹತ್ತು ಮಾತಾಡ್ದ. ಒಂಬತ್ತು ಬುರುಡೆ. ಒಂದು ಸರಿಯಾಗಿತ್ತು. ನೀನು ಒಂಬತ್ತರ ಜೊತೆ ಅದನ್ನೂ ಸೇರಿಸಿ ಕೆಡವ್ಬುಟ್ಟೆ."

"ಎದುರು ಪಕ್ಷದ ಮಾತು ಒಪ್ಕೊಳ್ಳೋದು ನನ್ನ ಕೆಲಸ ಅಲ್ಲ ಸಾರ್."

"ಅದಕ್ಕೇ ಎರಡನೇದು," ಎಂದು ಹೇಳಿ, ಸೆಟ್ಟು ತೆಗೆದು ಒರೆಸಿ ಹಾಕಿಕೊಂಡು ಬಸ್ಸಿಗೆ ಹೋದರು. ಅವತ್ತಿನಿಂದ ಎಲ್ಲಿ ಸಿಕ್ಕಿದರೂ ನನ್ನನ್ನು "ಎದುರುಪಾರ್ಟಿ" ಎಂದೇ ಕರೆಯುತ್ತಿದ್ದರು. ಆ ತೀರ್ಪನ್ನು ನಾನು ಈಗಲೂ ಒಪ್ಪಿಲ್ಲ.

ಆದರೆ ಈ ಬರಹ ಆ ಬಹುಮಾನದ್ದಲ್ಲ, ಸಿಪಾಯಿಯದ್ದು ಮತ್ತು ನನ್ನ ದೊಡ್ಡಮ್ಮನದ್ದು.

ಸಿಪಾಯಿ ಎಂದರೆ ಹಂಗಳದಲ್ಲಿರುವ ನಮ್ಮ ದೊಡ್ಡಮ್ಮನ ನಾಯಿ. ದೊಡ್ಡಮ್ಮ ಚೆಂಡುಹೂವಿನ ಹೊಲಗಳಲ್ಲಿ ಹೂ ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಅವಳ ಹಿಂದೆಯೇ ಸಿಪಾಯಿಯೂ ಹೋಗುತ್ತದೆ. ಕಾಡಿನ ಅಂಚಿನ ಹೊಲಗಳಲ್ಲಿ ಹಂದಿ ಬಂತೋ ಆನೆ ಬಂತೋ ಎಂದು ಮನುಷ್ಯರಿಗಿಂತ ಮೊದಲು ತಿಳಿಸುವುದು ಅದರ ಡ್ಯೂಟಿ. ಒಂದು ಸಲ ದೊಡ್ಡಮ್ಮ ಬದುವಿನ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಚಾಮರಾಜನಗರದ ಮೂಳೆ ಡಾಕ್ಟರು ಕಟ್ಟು ಹಾಕಿ, ಮೂಳೆ ತೆಳುವಾಗಿದೆ ಎಂದು ವಾರಕ್ಕೊಂದು ಮಾತ್ರೆ ಬರೆದುಕೊಟ್ಟರು. ಮೂಳೆ ಗಟ್ಟಿ ಮಾಡುವ ಮಾತ್ರೆ. ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟದ ತುಂಬ ನೀರಿನೊಂದಿಗೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ನೆಟ್ಟಗೆ ಕೂತಿರಬೇಕು. ದೊಡ್ಡಮ್ಮ ಓದಿದವಳಲ್ಲ, ಆದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು.

ಅದಾಗಿ ಒಂದು ವರ್ಷದ ಮೇಲೆ ಸಿಪಾಯಿಯ ಕೆಳದವಡೆ ಊದಿಕೊಂಡಿತು. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಡಾಕ್ಟ್ರ ಕೋಣೆಗೆ ಹೋದೆವು. ಬಾಯಿ ತೆಗೆಸಿ ನೋಡಿದರು. ಒಂದು ದವಡೆಹಲ್ಲು ಕೊಳೆತು ಕೀವು ತುಂಬಿತ್ತು. ಮತ್ತಿನ ಇಂಜೆಕ್ಷನ್ ಕೊಟ್ಟು ಕಿತ್ತರು. "ಒಂದು ವಾರ, ಹತ್ತು ದಿನ. ವಸಡು ಮುಚ್ಕತದೆ, ಓಗಿ" ಎಂದರು.

ಮುಚ್ಚಿಕೊಳ್ಳಲಿಲ್ಲ. ತಿಂಗಳು ಕಳೆದರೂ ಹಲ್ಲಿದ್ದ ಗುಂಡಿ ಬಾಯಿ ತೆರೆದುಕೊಂಡೇ ಇತ್ತು. ಒಳಗೆ ಹಳದಿ ಬಣ್ಣದ ಮೂಳೆ ಕಾಣುತ್ತಿತ್ತು, ವಾಸನೆ ಬರುತ್ತಿತ್ತು. ಸಿಪಾಯಿ ಮುದ್ದೆಯ ಮುಂದೆ ಕೂತು ನೋಡುತ್ತಿತ್ತೇ ಹೊರತು ತಿನ್ನುತ್ತಿರಲಿಲ್ಲ.

ಎರಡನೇ ಸಲ ಹೋದಾಗ ಡಾಕ್ಟ್ರು ಟಾರ್ಚ್ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, "ಇದಕ್ಕೆ ಏನೇನ್ ತಿನ್ನಿಸ್ತೀಯವ್ವ?" ಎಂದರು.

"ಇನ್ನೇನ್ ತಿನ್ಸಾರು? ಮುದ್ದೆ, ಮಜ್ಗೆ. ಅಬ್ಬದ್ ದಿಸ ಮೂಳೆ."

"ಔಷ್ದಿ ಏನಾರ?"

ದೊಡ್ಡಮ್ಮ ನನ್ನ ಮುಖ ನೋಡಿದಳು. ನನಗೆ ಗೊತ್ತಿಲ್ಲದ್ದು ಏನೋ ಇದೆ ಎಂದು ಆಗಲೇ ಹೊಳೆಯಿತು. "ಕಾಲು ಎಳೀತಿದ್ದ ಡಾಕ್ಟ್ರಪ್ಪ," ಎಂದಳು. "ಇಂದ್ಗಡೆ ಕಾಲು. ಅವ್ನಿಗೂ ವಯ್ಸಾಯ್ತಲ್ಲ, ನನ್ ಥರಾನೇ ಮೂಳೆ ಸವ್ದದೆ ಅನ್ಕೊಂಡೆ. ನನ್ ಮಾತ್ರೇಲಿ ಅರ್ಧ ಮುರ್ದು ಕೊಡ್ತಿದ್ದೆ."

"ಯಾವ್ ಮಾತ್ರೆ?"

"ಮೂಳೇದು. ಬಾನ್ವಾರುದ್ದು."

ಆ ತಿಂಗಳ ಸ್ಟ್ರಿಪ್ಪು ನನ್ನ ಬ್ಯಾಗಿನಲ್ಲೇ ಇತ್ತು. ಗುಂಡ್ಲುಪೇಟೆಯ ಮೆಡಿಕಲ್ಲಿನಿಂದ ಪ್ರತಿ ತಿಂಗಳೂ ತಂದುಕೊಡುತ್ತಿದ್ದವಳು ನಾನೇ. ಡಾಕ್ಟ್ರು ಅದನ್ನು ಕನ್ನಡಕದ ಕೆಳಗಿನಿಂದ ಓದಿ, ಸ್ಟೂಲಿನ ಮೇಲೆ ಕೂತರು. "ಕಿತ್ತಿದ್ದು ನಾನು. ಕೇಳ್ದೇನೆ ಕಿತ್ತೆ" ಎಂದರು. ಅವರಿಗೆ ಅವರೇ ಹೇಳಿಕೊಂಡ ಹಾಗಿತ್ತು.

ನನಗೆ ವಾದದ ಚಪಲ. ಆ ಗಳಿಗೆಯಲ್ಲೂ ಬಿಡಲಿಲ್ಲ. "ಸಾರ್, ಈ ಮಾತ್ರೆ ಊಟದ ಜೊತೆ ಹೋದರೆ ಮೈಗೆ ಹತ್ತೋದೇ ಇಲ್ಲ ಅಂತ ಇದರ ಜೊತೆ ಬರೋ ಚೀಟಿಯಲ್ಲೇ ಬರೆದಿದೆ. ಅದರಲ್ಲೂ ರಾಗಿಯಲ್ಲಿ ಕ್ಯಾಲ್ಸಿಯಂ ಬೇರೆ. ಮುದ್ದೆಯಲ್ಲಿಟ್ಟು ಕೊಟ್ಟಿದ್ದು ಸುಮ್ಮನೆ ಹೊರಗೆ ಹೋಗಿರುತ್ತೆ. ಇದಕ್ಕೂ ದವಡೆಗೂ ಸಂಬಂಧ ಹೇಗೆ?"

ಒಳ್ಳೆಯ ವಾದವೇ. ಡಾಕ್ಟ್ರೂ ತಲೆಯೆತ್ತಿದರು. ಆದರೆ ದೊಡ್ಡಮ್ಮನಿಗೆ ಅವಮಾನವಾಯಿತು. "ಮುದ್ದೇಲಿ ಯಾಕ್ ಕೊಟ್ಟೇನು? ನಂಗೇನ್ ಗ್ಯಾನ ಇಲ್ವಾ? ಕಾಲಿ ಒಟ್ಟೇಲಿ ತಗೋಬೇಕು ಅಂತ ನೀನೇ ಏಳ್ಲಿಲ್ವಾ? ಬೆಳಕರೀತಿದ್ದಂಗೆ ಗಂಟ್ಲಿಗೆ ಹಾಕಿ, ಚೊಂಬಲ್ಲಿ ನೀರು ಉಯ್ದು, ಅರ್ಧ ಗಂಟೆ ಇಡ್ಕೊಂಡು ಕೂರುಸ್ತಿದ್ದೆ. ಮಲಗ್ಸೇ ಇಲ್ಲ!"

ಜಗತ್ತಿನಲ್ಲಿ ಯಾವ ನಾಯಿಯೂ ಈ ಮಾತ್ರೆಯನ್ನು ಇಷ್ಟು ನಿಯಮಬದ್ಧವಾಗಿ ತೆಗೆದುಕೊಂಡಿರಲಾರದು. ಡಾಕ್ಟ್ರು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. "ಮನುಷ್ರು ಇವ್ನಂಗೆ ಔಷ್ದಿ ತಗಂಡ್ರೆ ಆಸ್ಪತ್ರೆಗಳೇ ಬೇಡ" ಎಂದರು.

ಆಮೇಲೆ ಅವರು ಹೇಳಿದ್ದನ್ನು ನೆನಪಿದ್ದಷ್ಟು ಅವರ ಮಾತಲ್ಲೇ ಬರೆಯುತ್ತೇನೆ.

"ಮೂಳೆ ಅಂದ್ರೆ ಕಲ್ಲುಕಂಬ ಅಲ್ಲ ಕಣಮ್ಮಿ, ದಿನಾ ರಿಪೇರಿ ನಡೀತಿರೋ ಮನೆ. ಒಬ್ಬ ಹಳೇ ಗೋಡೆ ಕೆಡವ್ತಾನೆ, ಇನ್ನೊಬ್ಬ ಹೊಸದು ಕಟ್ತಾನೆ. ವಯಸ್ಸಾದ್ಮೇಲೆ ಕೆಡವೋನು ಜೋರಾಗ್ತಾನೆ, ಕಟ್ಟೋನು ಸೋಮಾರಿ ಆಗ್ತಾನೆ. ಈ ಮಾತ್ರೆ ಕೆಡವೋನ್ ಕೈ ಕಟ್ಟಾಕ್ತದೆ. ಅದು ಒಳ್ಳೇದೇ. ಆದ್ರೆ ಹಲ್ಲು ಕಿತ್ತ ಗುಂಡಿ ಅದೆಯಲ್ಲ, ಅಲ್ಲಿ ಕೆಡವೋನೂ ಬೇಕು. ಕೊಳೆತಿದ್ದು, ಸತ್ತಿದ್ದು ತೆಗೀದೆ ಹೊಸದು ಎಲ್ಲಿ ಕಟ್ಟೋದು? ಮೊದ್ಲೇ ದವಡೆ, ದಿನಾ ಅಗಿಯೋ ಜಾಗ, ಪಕ್ಕದಲ್ಲೇ ಬಾಯಿ ಕೊಳೆ. ಬೇರೆ ಮೂಳೇಲಿ ತಡ್ಕೊಳ್ಳೋದು ಇಲ್ಲಿ ತಡ್ಕೊಳ್ಳಲ್ಲ."

ದೊಡ್ಡಮ್ಮ ಕೇಳಿದಳು: "ಮರಿಗೆ ಕೊಟ್ಟಿದ್ರೂ ಇಂಗೇ ಆಗದಾ?"

"ಮರಿಗೆ ಇನ್ನೊಂಥರ. ಹಲ್ಲು ಮೇಲೆ ಬರ್ಬೇಕಾದ್ರೆ ಮೇಲಿರೋ ಮೂಳೆ ಕರಗಿ ದಾರಿ ಬಿಡ್ಬೇಕು. ಕರಗಿಸೋನ್ನೇ ಕಟ್ಟಾಕಿದ್ರೆ ಹಲ್ಲು ಒಳಗೇ ಉಳೀಬಹುದು. ಇಲೀಲಿ ಇನ್ನೂ ಚೆನ್ನಾಗಿ ಕಾಣ್ತದೆ. ಅದರ ಮುಂದಿನ ಹಲ್ಲು ಸಾಯೋಗಂಟ ಬೆಳೀತಾನೇ ಇರ್ತದೆ. ಈ ಔಷ್ದಿ ಜಾಸ್ತಿ ಬಿದ್ರೆ ಆ ಬೆಳವಣಿಗೆನೇ ಕುಂಟ್ತದೆ."

"ಆದರೆ ಸಾರ್, ಇದು ಒಂದೇ ನಾಯಿ," ನಾನು ಮತ್ತೆ ಎದ್ದೆ. "ಹಲ್ಲು ಮೊದಲೇ ಕೊಳೆತಿತ್ತು. ಕೀವಿನಿಂದಲೇ ಮೂಳೆ ಸತ್ತಿರಬಹುದು. ಮಾತ್ರೆಯಿಂದಲೇ ಅಂತ ಸಾಬೀತಾಗೋದಿಲ್ಲ."

"ಆಗಲ್ಲ," ಎಂದರು ತಕ್ಷಣ. "ನಾನೂ ಮಾತ್ರೆಯಿಂದ ಇರಬಹುದು ಅಂತೀನಿ, ಅಷ್ಟೇ. ನಿಮ್ ಚರ್ಚೇಲಿ 'ಇರಬಹುದು'ಗೆ ಮಾರ್ಕ್ಸ್ ಇಲ್ಲ. ನನ್ ಕೆಲಸದಲ್ಲಿ ಅಷ್ಟು ಮೊದ್ಲೇ ಗೊತ್ತಿದ್ದಿದ್ರೆ ಇಕ್ಕಳ ಹಿಡಿಯೋ ಮುಂಚೆ ಎರಡು ಸಲ ಯೋಚಿಸ್ತಿದ್ದೆ."



ಸಿಪಾಯಿಯ ಚಿಕಿತ್ಸೆ ಉದ್ದವಾಯಿತು. ಸತ್ತ ಮೂಳೆಯ ಚೂರನ್ನು ತೆಗೆದರು, ಬಾಯಿ ತೊಳೆಯುವ ಔಷಧ ಕೊಟ್ಟರು, ಕೀವಿಗೆ ಮಾತ್ರೆ ಕೊಟ್ಟರು. ಗುಂಡ್ಲುಪೇಟೆಯಿಂದ ಹಂಗಳಕ್ಕೆ ಬಸ್ಸಿನಲ್ಲಿ ತಾವೇ ಬಂದು ನೋಡಿಹೋಗುತ್ತಿದ್ದರು, ಯಥಾಪ್ರಕಾರ ತಡವಾಗಿ.

ಆದರೆ ಅಷ್ಟರಲ್ಲಿ ಇನ್ನೊಂದು ಅನಾಹುತ ಶುರುವಾಗಿತ್ತು. ಡಾಕ್ಟ್ರ ಮಾತು ಕೇಳಿ ಅವತ್ತು ಮನೆಗೆ ಬಂದವಳೇ ದೊಡ್ಡಮ್ಮ ತನ್ನ ಮಾತ್ರೆಗಳನ್ನು ತಿಪ್ಪೆಗೆ ಎಸೆದಿದ್ದಳು. ಇದು ನನಗೆ ಗೊತ್ತಾದದ್ದು ಮುಂದಿನ ತಿಂಗಳು ಮಾತ್ರೆ ತಂದಾಗ. "ತರ್ಬೇಡ ಬುಡು ಇನ್ಮೇಲೆ. ನಾಯಿ ದವಡೆ ಕೊಳ್ಸಿದ್ದು ನನ್ ದವಡೆ ಬುಟ್ಟದಾ?" ಎಂದಳು. ಜೊತೆಗೆ ಅವಳದ್ದೇ ಒಂದು ದವಡೆಹಲ್ಲು ಅಲ್ಲಾಡುತ್ತಿತ್ತು, ಸುತ್ತ ಬಾವು ಬಂದಿತ್ತು. ಚಾಮರಾಜನಗರದ ಹಲ್ಲಿನ ಆಸ್ಪತ್ರೆಯಲ್ಲಿ ಕೀಳಿಸಬೇಕಾಗಿತ್ತು. ಈಗ ಅದಕ್ಕೂ ಒಲ್ಲೆ ಎಂದಳು. ಮಾತ್ರೆ ನುಂಗಿದರೆ ದವಡೆ ಹೋಗುತ್ತದೆ ಎಂದು ಅವಳ ಭಯ, ಬಿಟ್ಟರೆ ಇನ್ನೊಮ್ಮೆ ಬಿದ್ದಾಗ ಕೈ ಮಾತ್ರವಲ್ಲ ಸೊಂಟವೂ ಹೋಗುತ್ತದೆ ಎಂದು ನನ್ನ ಭಯ. ನಾನು ಗಂಟೆಗಟ್ಟಲೆ ವಾದ ಮಾಡಿದೆ. ಪ್ರತಿ ಅಂಶದಲ್ಲೂ ಗೆದ್ದೆ. ಅವಳು ಮಾತ್ರೆ ಮುಟ್ಟಲಿಲ್ಲ.

ಡಾಕ್ಟ್ರ ಕೋಣೆಗೆ ಹೋಗಿ ಜಗಳ ತೆಗೆದೆ. "ನಿಮ್ಮ 'ಇರಬಹುದು' ಮಾಡಿದ ಕೆಲಸ ನೋಡಿ ಸಾರ್."

ಅವರು ಬೋಂಡಾ ಕೆಳಗಿಟ್ಟರು. "ನಾಯಿಗೆ ಬೇಡ ಅಂದ್ನೇ ಹೊರ್ತು ಅವ್ಳಿಗೆ ಬೇಡ ಅಂದ್ನಾ?"

"ಅವಳಿಗೆ ಹಾಗೇ ಕೇಳಿಸಿದೆ."

ಆ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹಂಗಳದಲ್ಲಿ ಇಳಿದರು. ನಾನು ಕಂಡಂತೆ ಅವರು ಹೊತ್ತಿಗೆ ಸರಿಯಾಗಿ ಬಂದದ್ದು ಅದೊಂದೇ ದಿನ. ದೊಡ್ಡಮ್ಮ ಕಾಫಿ ಇಡಲು ಹೋದರೆ, "ಕಾಫಿ ಆಮೇಲೆ. ನೀನೂ ಕುಡೀಬೇಡ, ಕಾಲಿ ಒಟ್ಟೇಲೇ ಇರು" ಎಂದು ಜಗಲಿಯ ಮೇಲೆ ಕೂತರು.

"ನಾನ್ ನುಂಗಲ್ಲ ಡಾಕ್ಟ್ರಪ್ಪ. ನೀವೇ ಏಳಿದ್ರಲ್ಲ, ಕೆಡವೋನ್ ಕೈ ಕಟ್ಟಾಕ್ತದೆ ಅಂತ."

"ಏಳಿದ್ದೆ. ನಿನ್ ಕೈ ಕೊಡಿಲ್ಲಿ." ಮುರಿದು ಕೂಡಿದ್ದ ಮಣಿಕಟ್ಟನ್ನು ಹಿಡಿದು, ಸ್ವಲ್ಪ ಸೊಟ್ಟಗಿದ್ದ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿದರು. "ಇಲ್ಲಿ ಕೆಡವೋನು ಗೆದ್ದಿದ್ದ. ನೋಡು, ಒಂದು ಸಲ ಜಾರಿದ್ದಕ್ಕೇ ಕಡ್ಡಿ ಮುರ್ದಂಗೆ ಮುರೀತು. ನಿಂಗೆ ಅವನ ಕೈ ಕಟ್ಟಾಕ್ಲೇಬೇಕು. ನಾಯಿಗೆ ಆ ದರ್ದು ಇರ್ಲಿಲ್ಲ. ಅದರ ಕಾಲಲ್ಲಿದ್ದಿದ್ದು ಕೀಲುನೋವು, ಮೂಳೆ ಸವೆತ ಅಲ್ಲ. ಬೇಡದ್ದು ಅದಕ್ಕೆ ಓಯ್ತು, ನಿಂಗೆ ಬೇಕಾದ್ದು ಅರ್ಧ ಆಯ್ತು. ಇಬ್ರಿಗೂ ನಷ್ಟ."

"ನನ್ ದವಡೆಗೆ ಏನೂ ಆಗಲ್ಲ ಅಂತ ಬರ್ಕೊಡಿ ಮತ್ತೆ!"

ಅವರ ಜಾಗದಲ್ಲಿ ನಾನಿದ್ದಿದ್ದರೆ ಏನೂ ಆಗೋದಿಲ್ಲ ಎಂದು ಹೇಳಿ ಮುಗಿಸುತ್ತಿದ್ದೆ. ಅವರು ಹೇಳಲಿಲ್ಲ. "ಬರ್ಕೊಡಲ್ಲ," ಎಂದರು. "ಆಗೋ ಅಪಾಯ ಚಿಕ್ಕದು, ಬಿದ್ರೆ ಸೊಂಟ ಮುರಿಯೋ ಅಪಾಯ ದೊಡ್ಡದು. ನಂಗೆ ಗೊತ್ತಿರೋದು ಇಷ್ಟು. ಇನ್ನು ನಾನು ದನದ್ ಡಾಕ್ಟ್ರು ಕಣವ್ವ, ನಿನ್ ಬಾಯಿಗೆ ನಾನು ಅಧಿಕಾರಿ ಅಲ್ಲ. ಹಲ್ಲಿನ ಡಾಕ್ಟ್ರಿಗೆ ಈ ಮಾತ್ರೆ ತಗೋತೀನಿ ಅಂತ ಹೇಳನ, ಮೂಳೆ ಡಾಕ್ಟ್ರಿಗೆ ಹಲ್ಲು ಕೀಳಿಸ್ತೀನಿ ಅಂತ ಹೇಳನ. ನಾನು ಕೇಳ್ದೆ ಮಾಡ್ದಂಗೆ ಅವ್ರು ಮಾಡ್ಬಾರ್ದು. ನಾಳೆ ಮೂರು ಜನಾನೂ ಹೋಗನ."

ದೊಡ್ಡಮ್ಮ ಸಿಪಾಯಿಯ ಕಡೆ ನೋಡಿದಳು. "ನಿಮ್ ಬಾಯಲ್ಲಿ ಒಂದ್ ಅಲ್ಲೂ ಇಲ್ಲ, ನಮ್ಗ್ ಏಳಕ್ ಬತ್ತೀರಾ" ಎಂದಳು. ಒಪ್ಪಿಗೆಯನ್ನು ಅವಳು ಹಾಗೇ ಕೊಡುವುದು.

ಚಾಮರಾಜನಗರದ ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಮ್ಮ ಡಾಕ್ಟ್ರು ಸಿಪಾಯಿಯ ಕಥೆಯನ್ನು ಶುರುವಿನಿಂದ ಹೇಳತೊಡಗಿದಾಗ ಆಕೆ ಒಮ್ಮೆ ಗಡಿಯಾರ ನೋಡಿದರು, ಆಮೇಲೆ ನೋಡಲಿಲ್ಲ. ಮೂಳೆ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಮೊದಲು ಬಾವು ಇಳಿಯಲಿ, ಆಮೇಲೆ ಮೂಳೆಗೆ ಆದಷ್ಟು ಕಡಿಮೆ ಪೆಟ್ಟಾಗುವ ಹಾಗೆ ಕೀಳೋಣ, ವಸಡು ಮುಚ್ಚಿಕೊಳ್ಳುವ ತನಕ ಬಂದು ತೋರಿಸುತ್ತಿರಬೇಕು ಎಂದರು. ಹಲ್ಲಿನ ಗಾಯ ಮಾಗಿದ ಮೇಲೆ ಮಾತ್ರೆ ಮುಂದುವರಿಸಬೇಕು, ಇಡಿಯಾಗಿಯೇ ನುಂಗಬೇಕು ಎಂದು ಮೂಳೆ ಡಾಕ್ಟರು ಹೇಳಿದರು.

ಹಲ್ಲು ಕಿತ್ತ ದಿನ ಡಾಕ್ಟ್ರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಟವೆಲ್ಲನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದರು. ಅದಾದ ಮೇಲೆ ಗಾಯ ಮುಚ್ಚುವ ತನಕ ಅವರಿಗೆ ನೆಮ್ಮದಿ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಮ್ಮ ಕಂಡರೆ ಸಾಕು, ಅಷ್ಟು ಜನರ ನಡುವೆ "ಬಾಯಿ ತೆಗಿ" ಎನ್ನುವರು. ಅವಳು ಸೆರಗು ಅಡ್ಡ ಹಿಡಿದು ತೆಗೆಯುವಳು. ಒಂದು ದಿನ ಟಾರ್ಚ್ ಆರಿಸಿ, "ಮುಚ್ಕೊಂಡದೆ" ಎಂದರು. ಅವತ್ತು ನನಗೆ ಬೋಂಡಾ ಕೊಡಿಸಿದರು. ಕೈ ತೊಳೆದುಕೊಂಡಿದ್ದರೋ ಇಲ್ಲವೋ ಎಂದು ನಾನು ಕೇಳಲಿಲ್ಲ.

ಸಿಪಾಯಿಯ ದವಡೆಯೂ ಮುಚ್ಚಿಕೊಂಡಿತು, ಸೊಟ್ಟಗೆ. ಈಗ ಅದರ ನಾಲಿಗೆ ಒಂದು ಪಕ್ಕಕ್ಕೆ ಇಣುಕುತ್ತದೆ. ಯಾರನ್ನು ನೋಡಿದರೂ ಅಣಕಿಸುವ ಹಾಗೆ ಕಾಣುತ್ತದೆ. ಮಜ್ಜಿಗೆಯಲ್ಲಿ ಕಲಸಿದ ಮುದ್ದೆ ತಿನ್ನುತ್ತದೆ.

ಅಲ್ಲಿಂದ ಮುಂದೆ ಡಾಕ್ಟ್ರು ಯಾವ ಪ್ರಾಣಿ ಬಂದರೂ ಬಾಯಿ ತೆಗೆಸುವ ಮೊದಲು ಒಂದು ಪ್ರಶ್ನೆ ಸೇರಿಸಿಕೊಂಡರು: "ಮನೇಲಿ ಯಾರ್ ಮಾತ್ರೆ ತಿನ್ಸಿದ್ರಿ?" ಜನ ಮೊದಲು ನಕ್ಕರು, ಆಮೇಲೆ ಬಾಯಿಬಿಟ್ಟರು. ಅತ್ತೆಯ ಸಕ್ಕರೆ ಕಾಯಿಲೆ ಮಾತ್ರೆ ಎಮ್ಮೆಗೆ ಹೋಗಿತ್ತು, ಮಾವನ ಗ್ಯಾಸಿನ ಮಾತ್ರೆ ಟಗರಿಗೆ. ಒಬ್ಬಾಕೆ ತನ್ನ ಗಂಡನ ಬಿ.ಪಿ. ಮಾತ್ರೆಯನ್ನು ಕೋಳಿಗೆ ಹಾಕಿದ್ದಳು. ಯಾಕವ್ವ ಎಂದರೆ "ಸಾನೆ ಎಗರಾಡ್ತಿತ್ತು" ಎಂದಳಂತೆ. ಇದನ್ನೆಲ್ಲ ಅವರು ನನಗೆ ಹೇಳಿ ಹೇಳಿ ನಗುತ್ತಿದ್ದರು. ಆದರೆ ಕೇಳುವಾಗ ನಗುತ್ತಿರಲಿಲ್ಲ. ನಕ್ಕರೆ ಮುಂದಿನವರು ಹೇಳುವುದಿಲ್ಲ ಎನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ದೊಡ್ಡಮ್ಮನಿಗೆ ಅವರ ಫೋನ್ ಬರುತ್ತಿತ್ತು. ನಾನು ಊರಲ್ಲಿದ್ದಾಗಲೆಲ್ಲ ಕೇಳಿಸಿಕೊಂಡಿದ್ದೇನೆ.

"ನುಂಗ್ದಾ?"

"ನುಂಗ್ದೆ."

"ಇಡೀದಾ?"

"ಇಡೀದು ಕಣಪ್ಪ."

"ಸಿಪಾಯಿಗೆ?"

"ಅವ್ನಿಗ್ ಬರೀ ಕೈ ತೋರ್ಸ್ದೆ."

ಮೊನ್ನೆ ಅವರು ಹೋದರು. ನಿದ್ದೆಯಲ್ಲೇ ಹೋದರಂತೆ. ಮಣ್ಣು ಮಾಡಿದ್ದು ಅವರ ಹುಟ್ಟೂರು ಕುದೇರಿನಲ್ಲಿ. ನಾನೂ ದೊಡ್ಡಮ್ಮನೂ ಹೋದೆವು. ದನ ಕಟ್ಟುವವರು, ಕುರಿಯವರು, ಬೂಸಾ ಅಂಗಡಿಯವರು, ತುಂಬ ಜನ ಸೇರಿದ್ದರು. ದೊಡ್ಡಮ್ಮ ಹತ್ತಿರ ಹೋಗಿ ಬಗ್ಗಿ ಅವರ ಮುಖವನ್ನೇ ನೋಡಿದಳು. ಆಮೇಲೆ ಅವರ ಮಗನನ್ನು ಕರೆದು, "ಸೆಟ್ಟು ಆಕಿಲ್ವಲ್ಲಪ್ಪ. ಬಾಯಿ ಬತ್ತೋದಂಗೆ ಕಾಣ್ತದೆ. ಆಕ್ಬುಡಿ" ಎಂದಳು. ಮಗ ಒಳಗೆ ಹೋಗಿ ತಂದರು. ಟವೆಲ್ಲಿನಲ್ಲಿ ಒರೆಸಿ ಹಾಕಿದರು.

ಅದರ ಮುಂದಿನ ಭಾನುವಾರ ನಾನು ಹಂಗಳದಲ್ಲಿದ್ದೆ. ಬೆಳಿಗ್ಗೆ ದೊಡ್ಡಮ್ಮ ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ನೀರಿನ ಲೋಟ, ಕೈಯಲ್ಲಿ ಫೋನು, ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ ಮಾತ್ರೆ. ಹೊತ್ತು ಮೀರುತ್ತಿತ್ತು. "ಇನ್ ಯಾರ್ ಕೇಳಾರು ಬುಡು" ಎಂದಳು, ನನಗಲ್ಲ, ಬೀದಿಗೆ. ಅವಳ ಮುಂದೆ ಇಡಬಹುದಾದ ವಾದಗಳೆಲ್ಲ ನನ್ನ ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು. ಒಂದನ್ನೂ ಆಡಲಿಲ್ಲ. "ನುಂಗ್ದಾ?" ಎಂದು ಕೇಳಿದೆ, ಅಷ್ಟೇ.

ಅವಳು ನನ್ನನ್ನು ನೋಡಿದಳು. ಗಂಟು ಬಿಚ್ಚಿದಳು. ಸಿಪಾಯಿ ಅದಾಗಲೇ ಎದ್ದು ಬಂದು, ಹಳೇ ಅಭ್ಯಾಸದಂತೆ ಅವಳೆದುರು ಕೂತು ಸೊಟ್ಟ ಬಾಯಿ ತೆರೆದಿತ್ತು. ಅವಳು ಮಾತ್ರೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ಲೋಟದ ನೀರನ್ನು ಪೂರ್ತಿ ಕುಡಿದು, ಖಾಲಿ ಅಂಗೈಯನ್ನು ಅದರ ಮೂಗಿನ ಮುಂದೆ ಹಿಡಿದಳು. "ನಿಂಗಿಲ್ಲ ಕಣ್ಲಾ."

ಸಿಪಾಯಿ ಅಂಗೈಯನ್ನು ಒಮ್ಮೆ ನೆಕ್ಕಿತು. ಆದರೂ ಎದ್ದು ಹೋಗಲಿಲ್ಲ. ಅರ್ಧ ಗಂಟೆಯಾಗುವ ತನಕ ಇಬ್ಬರೂ ಎದುರುಬದುರು ನೆಟ್ಟಗೆ ಕೂತಿದ್ದರು.